ಸರ್ಕಲ್ ಫ್ಲೆಕ್ಸ್ ವಿಷಯ: ಎಲ್ಲರೂ ಓದಿ

ಮೂಲೆ ಮನೆ, 5ನೇ ಕ್ರಾಸ್ (ಬೆಳಗ್ಗೆ 5:40)
ರಾತ್ರಿ ಗಾಳಿಗೆ ಸರ್ಕಲ್‌ನ ಹುಟ್ಟುಹಬ್ಬದ ಫ್ಲೆಕ್ಸ್ ಫ್ರೇಮ್ ಸಮೇತ ಕಿತ್ತು ಟ್ರಾನ್ಸ್‌ಫಾರ್ಮರ್ ತಂತಿ ಮೇಲೆ ಬಿತ್ತು. ಎರಡು ಗಂಟೆಗೆ ಹೋದ ಕರೆಂಟ್ ಇನ್ನೂ ಬಂದಿಲ್ಲ. ಅಮ್ಮ ಆಕ್ಸಿಜನ್ ಮಷಿನ್ ಮೇಲಿದ್ದಾರೆ, ನಿಮಗೆಲ್ಲ ಗೊತ್ತು. ಯುಪಿಎಸ್ ನಾಲ್ಕಕ್ಕೆ ಕೈಕೊಟ್ಟಿತು. ಎದುರು ಮನೆಯವರು ಓಡಿಹೋಗಿ ಸಿಲಿಂಡರ್ ತರದಿದ್ದರೆ ಏನಾಗುತ್ತಿತ್ತೋ. ಆ ಹುಟ್ಟುಹಬ್ಬ ಹೋದ ತಿಂಗಳೇ ಮುಗಿದಿದೆ! ಕಟ್ಟಿಸಿದವರು ಬಂದು ಅಮ್ಮನ ಮುಂದೆ ನಿಂತು ಮಾತಾಡಲಿ. ನನಗೆ ಯಾರೂ ಸಮಾಧಾನ ಹೇಳಬೇಡಿ.

ಎದುರು ಮನೆ (5:52)
ಇನ್ನೊಂದು ಸಿಲಿಂಡರ್‌ಗೂ ಹೇಳಿಟ್ಟಿದ್ದೇನೆ ಮೇಡಂ. ಲೈನ್‌ಮನ್ ಬರುವವರೆಗೆ ಆ ಕಡೆ ಯಾರೂ ಹೋಗಬೇಡಿ. ಮಕ್ಕಳನ್ನೂ ಬಿಡಬೇಡಿ.

ಪಾರ್ಕ್ ಪಕ್ಕದ ಮನೆ (6:05)
ಶುಭೋದಯ. ಬೆಳಗ್ಗೆ ನಗುತ್ತಾ ಏಳುವವರ ಮನೆಯಲ್ಲಿ ಲಕ್ಷ್ಮಿ ನೆಲೆಸುತ್ತಾಳೆ. ಹತ್ತು ಜನರಿಗೆ ಕಳಿಸಿ.

ಎದುರು ಮನೆ (6:06)
ಅಂಕಲ್, ದಯವಿಟ್ಟು ಮೇಲಿನ ಮೆಸೇಜ್ ಓದಿ.

ಮೇನ್ ರೋಡ್, ನಿವೃತ್ತ ಇಂಜಿನಿಯರ್ (6:20)
ನಾನು ಮೊದಲಿಂದಲೂ ಹೇಳುತ್ತಲೇ ಇದ್ದೇನೆ, ಯಾರೂ ಕೇಳಲಿಲ್ಲ. ಸಾರ್ವಜನಿಕ ಜಾಗ ಅಂದಗೆಡಿಸಬಾರದು ಅಂತ 1981ರಲ್ಲೇ ಕರ್ನಾಟಕದಲ್ಲಿ ಕಾಯ್ದೆ ಬಂದಿದೆ. ಅನುಮತಿ ಇಲ್ಲದೆ ಜಾಹೀರಾತು ಹಾಕಿದರೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡನ್ನೂ ಹಾಕಬಹುದು. 2016ರ ಪ್ಲಾಸ್ಟಿಕ್ ನಿಷೇಧದಲ್ಲೂ ಫ್ಲೆಕ್ಸ್ ಇದೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿಡೀ ಫ್ಲೆಕ್ಸ್ ಕಿತ್ತರು. ಆಗ ನಮ್ಮ ಸರ್ಕಲ್‌ನಲ್ಲಿ ಹೊಂಗೆ ಮರ ಪೂರ್ತಿ ಕಾಣಿಸುತ್ತಿತ್ತು, ನೆನಪಿದೆಯಾ?

2ನೇ ಕ್ರಾಸ್, ಮಹಡಿ ಮನೆ (6:24)
ಆ ಸಾವಿರ ರೂಪಾಯಿಗೆ ಯಾರು ಹೆದರುತ್ತಾರೆ ಸರ್? ಕಟ್ಟುವ ಹುಡುಗರ ಕೂಲಿ ಅದಕ್ಕಿಂತ ಜಾಸ್ತಿ.

ಹಾಲಿನ ಬೂತ್ ಪಕ್ಕ (6:31)
ಗಣೇಶ ಹಬ್ಬಕ್ಕೆ ಅದೇ ಕಂಬಕ್ಕೆ ನಮ್ಮ ಸಮಿತಿ ಫ್ಲೆಕ್ಸ್ ಕಟ್ಟಿದ್ದೆವು. ಎಡಗಡೆ ಮೊದಲ ಫೋಟೋ ನಿಮ್ಮದೇ ಅಲ್ವಾ ಸರ್?

ನಿವೃತ್ತ ಇಂಜಿನಿಯರ್ (6:33)
ಅದು ದೇವರ ಕೆಲಸ. ವಿಸರ್ಜನೆ ಆದ ಮಾರನೇ ದಿನವೇ ಬಿಚ್ಚಿಸಿದೆ. ಇದಕ್ಕೆ ಅದನ್ನು ಹೋಲಿಸಬೇಡಿ.

ಹಾಲಿನ ಬೂತ್ ಪಕ್ಕ (6:34)
ಬಿಚ್ಚಿದ್ದು ನಾವು ಹುಡುಗರು. ಈಗ ಅದು ನಿಮ್ಮ ಕಾರಿನ ಮೇಲಿದೆ.

7ನೇ ಕ್ರಾಸ್ (6:36)
ನಾಯಕರಿಗೆ ಕೊನೆಗೂ ಶಾಕ್ ಹೊಡೆಯಿತು 😂😂

ಮೂಲೆ ಮನೆ (6:38)
ಇದು ನಗುವ ವಿಷಯವಾ? 2019ರಲ್ಲಿ ಚೆನ್ನೈನಲ್ಲಿ ಸ್ಕೂಟರ್‌ನಲ್ಲಿ ಹೋಗುತ್ತಿದ್ದ ಹುಡುಗಿ ಮೇಲೆ ಬ್ಯಾನರ್ ಬಿತ್ತು. ಹಿಂದೆ ಬಂದ ಟ್ಯಾಂಕರ್ ಹರಿದು ಸತ್ತೇ ಹೋದಳು. 2024ರ ಮೇನಲ್ಲಿ ಮುಂಬೈನ ಘಾಟ್‌ಕೋಪರ್‌ನಲ್ಲಿ ಹೋರ್ಡಿಂಗ್ ಪೆಟ್ರೋಲ್ ಬಂಕ್ ಮೇಲೆ ಬಿದ್ದು 17 ಜನ ಹೋದರು. ಅಲ್ಲೂ ಇದೇ ಗಾಳಿ ಮಳೆ.

7ನೇ ಕ್ರಾಸ್ (6:40)
ಕ್ಷಮಿಸಿ ಅಕ್ಕ. ತಪ್ಪಾಯಿತು.

3ನೇ ಕ್ರಾಸ್ ಟೀಚರ್ (6:55)
ಜಗಳ ಸಾಕು. ಫ್ಲೆಕ್ಸ್‌ನ ಕೆಳಗಿನ ಮೂಲೆಯಲ್ಲಿ ಪ್ರಿಂಟ್ ಮಾಡಿದವರ ನಂಬರ್ ಇರುತ್ತದೆ. ದೂರದಿಂದಲೇ ಅದರ ಫೋಟೋ ತೆಗೆಯಿರಿ, ದೂರಿನ ಜೊತೆ ಕೊಡೋಣ. ಆಗ ಯಾರು ಕಟ್ಟಿದರೋ ಗೊತ್ತಿಲ್ಲ ಅಂತ ಹೇಳಲು ಆಗುವುದಿಲ್ಲ. ಭಾನುವಾರ ಏಳಕ್ಕೆ ಎಲ್ಲರೂ ಬನ್ನಿ, ಗೋಡೆ ಪೋಸ್ಟರ್ ಕೀಳೋಣ. ಮೈದಾ ಅಂಟು ಒಣಗಿದ್ದಾಗ ಕೆರೆದರೆ ಬಣ್ಣವೂ ಕಿತ್ತು ಬರುತ್ತದೆ. ನೀರು ಹಾಕಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟರೆ ಹಾಳೆ ಹಾಳೆಯಾಗಿ ಏಳುತ್ತದೆ. ಹೊಂಗೆ ಮರಕ್ಕೆ ಹೊಡೆದ ಮೊಳೆಗಳಿಗೆ ಇಕ್ಕಳ ತನ್ನಿ. ಕರೆಂಟ್ ಕಂಬ ಯಾರೂ ಹತ್ತಬೇಡಿ.

2ನೇ ಕ್ರಾಸ್, ಮಹಡಿ ಮನೆ (7:02)
ನಾನು ಬರುತ್ತೇನೆ. ಆದರೆ ಗೋಡೆ ತುಂಬಾ ಇರುವುದು ಪಿಜಿ ಪೋಸ್ಟರ್. ಪಿಜಿ ಓನರ್ ಈ ಗುಂಪಿನಲ್ಲೇ ಇದ್ದಾರೆ.

4ನೇ ಕ್ರಾಸ್, ಪಿಜಿ (7:04)
ನಾನು ಅಂಟಿಸಿಲ್ಲ. ಬ್ರೋಕರ್ ಮಾಡಿದ್ದಕ್ಕೆ ನಾನು ಹೊಣೆಯಾ? ಕೋಚಿಂಗ್ ಕ್ಲಾಸಿನವರನ್ನು ಯಾಕೆ ಕೇಳುವುದಿಲ್ಲ?

ನಿವೃತ್ತ ಇಂಜಿನಿಯರ್ (7:10)
ಮೊದಲು ಸಮಿತಿ ಆಗಬೇಕು. ಭಾನುವಾರ ನನಗೆ ಗೃಹಪ್ರವೇಶ ಇದೆ, ನಾನಿಲ್ಲದೆ ಶುರು ಮಾಡಬೇಡಿ. ದೂರನ್ನು ನಾನೇ ಬರೆಯುತ್ತೇನೆ. ಇಂಗ್ಲಿಷ್‌ನಲ್ಲಿ ಇದ್ದರೆ ತೂಕ ಜಾಸ್ತಿ.

3ನೇ ಕ್ರಾಸ್ ಟೀಚರ್ (7:12)
ಕನ್ನಡದಲ್ಲೇ ಬರೆಯೋಣ ಸರ್. ಓದುವವರು ವಾರ್ಡ್ ಕಚೇರಿಯವರು.

ನಿವೃತ್ತ ಇಂಜಿನಿಯರ್ (7:13)
ಹಾಗಾದರೆ ನೀವೇ ಮಾಡಿಕೊಳ್ಳಿ.

ಹಾಲಿನ ಬೂತ್ ಪಕ್ಕ (7:15)
ಲೈನ್‌ಮನ್ ಬಂದರು. ಫ್ಯೂಸ್ ಅಲ್ಲವಂತೆ, ತಂತಿಯೇ ತುಂಡಾಗಿದೆ. ಮಧ್ಯಾಹ್ನ ಆಗುತ್ತದಂತೆ.

7ನೇ ಕ್ರಾಸ್ (7:17)
ಅಯ್ಯೋ, ಮೋಟರ್ ಹಾಕಿಲ್ಲ. ಓವರ್‌ಹೆಡ್ ಟ್ಯಾಂಕ್ ಖಾಲಿ. ಇವತ್ತು ಕಾವೇರಿ ನೀರು ಬಿಡುವ ದಿನವಾ?

ಪಾರ್ಕ್ ಪಕ್ಕದ ಮನೆ (7:18)
ನಾಳೆ. ಬಿಟ್ಟರೂ ಕರೆಂಟ್ ಇಲ್ಲದೆ ಮೇಲೆ ಹತ್ತುವುದಿಲ್ಲ.

ಮೂಲೆ ಮನೆ (7:21)
ದೂರಿಗೆ ಯಾರು ಯಾರು ಸಹಿ ಹಾಕುತ್ತೀರಿ? ಮನೆ ನಂಬರ್ ಹಾಕಿ. ನಾನು ಇವತ್ತೇ ಕೊಡುತ್ತೇನೆ.

3ನೇ ಕ್ರಾಸ್ ಟೀಚರ್ (7:22)
ನಾನು. 31.

ಎದುರು ಮನೆ (7:22)
44. ಜೊತೆಗೆ ನಾನೂ ಬರುತ್ತೇನೆ.

4ನೇ ಕ್ರಾಸ್, ಪಿಜಿ (7:24)
ಟ್ಯಾಂಕರ್‌ನವನ ನಂಬರ್ ಇದೆ. ಮೇಲಿನ ಟ್ಯಾಂಕ್‌ಗೆ ಪೈಪ್ ಎಳೆದು ತುಂಬಿಸುತ್ತಾನೆ. ನಾಲ್ಕು ಮನೆ ಸೇರಿದರೆ ಒಂದು ಲೋಡ್ ಹೇಳುತ್ತೇನೆ.

7ನೇ ಕ್ರಾಸ್ (7:24)
ನಾನು.

2ನೇ ಕ್ರಾಸ್, ಮಹಡಿ ಮನೆ (7:25)
ನಾನೂ.

ನಿವೃತ್ತ ಇಂಜಿನಿಯರ್ (7:25)
ನಮ್ಮ ಮನೆಗೂ ಹೇಳಿ. ಮೇನ್ ರೋಡ್ ಕಡೆಯಿಂದ ಬರಲು ಹೇಳಿ, ಸರ್ಕಲ್‌ನಲ್ಲಿ ಫ್ರೇಮ್ ಅಡ್ಡ ಬಿದ್ದಿದೆ.