ಕಾರಿಲ್ಲದವರು ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರಕೊಂಡು ಹೋಗುತ್ತೀರಿ? (ಬದಿಯಡ್ಕ, ಕುಂಬಳೆ ಕಡೆಯವರು ಹೇಳಿ)

ಬದಿಯಡ್ಕದ ಟೈಲರಕ್ಕ:

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಪೇಟೆಯಲ್ಲಿ ನನ್ನದು ಸಣ್ಣ ಹೊಲಿಗೆ ಅಂಗಡಿ. ಮನೆಯವರು ದುಬಾಯಿಯಲ್ಲಿ. ಕಾರಿಲ್ಲ, ಇದ್ದರೂ ಬಿಡಲಿಕ್ಕೆ ನನಗೆ ಬರುವುದಿಲ್ಲ. ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ರಜೆ ಮುಗಿಯುವವರೆಗೆ ತಂಗಿಯ ಮಗನೂ ನಮ್ಮಲ್ಲೇ, ಅವನಿಗೆ ನಾಲ್ಕು.

ಜೂನ್ ಒಂದಕ್ಕೆ ಶಾಲೆ ಶುರು. ಮೇ ತಿಂಗಳು ಅಂದರೆ ಹೊಸ ಯೂನಿಫಾರ್ಮಿನ ಸೀಸನ್, ಅಂಗಡಿ ಬಿಟ್ಟು ಏಳುವ ಹಾಗಿಲ್ಲ. ಆದರೂ ವಾರಕ್ಕೊಂದು ದಿನ ಬಾಗಿಲು ಹಾಕಿ ಎಲ್ಲಿಗಾದರೂ ಕರಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಾಗಿದೆ. ಮಂಗಳೂರಿನ ಅಣ್ಣನ ಮಕ್ಕಳು ಕಾರಲ್ಲಿ ರಾಣಿಪುರಂ ಗುಡ್ಡಕ್ಕೆ ಹೋಗಿ ಬಂದು ಸ್ಟೇಟಸ್ ಹಾಕಿದ್ದಾರೆ. ಅದನ್ನು ನೋಡಿದಲ್ಲಿಂದ ನಮ್ಮವರದ್ದು ಒಂದೇ ರಾಗ. ಆ ಮಕ್ಕಳಿಗೆ ದಸರಾ ರಜೆ, ನಮ್ಮವರಿಗೆ ಓಣಂ ರಜೆ, ಹಾಗಾಗಿ ಒಟ್ಟಿಗೆ ಸಿಗುವುದೇ ಈ ತಿಂಗಳು. ಹೋಲಿಕೆ ತಪ್ಪುವುದಿಲ್ಲ.

ದಿನಕ್ಕೆ ಐನೂರರ ಒಳಗೆ ಮುಗಿಯಬೇಕು, ತಿಂಡಿ ಎಲ್ಲ ಸೇರಿ. ಬೆಳಿಗ್ಗೆ ಹೋದರೆ ಕತ್ತಲಾಗುವ ಮೊದಲು ಮನೆ ಸೇರಬೇಕು. ಮಾಲ್ ಬೇಡ. ನಿಜವಾಗಿ ಹೋಗಿ ಬಂದವರು ಹೇಳಿ. ಗೂಗಲಿನಲ್ಲಿ ಎಲ್ಲ “ಸುಂದರ ತಾಣ” ಅಂತಲೇ ಇರುತ್ತದೆ, ಬಸ್ಸಿಳಿದ ಮೇಲೆ ಎಷ್ಟು ನಡೆಯಬೇಕು ಅಂತ ಯಾರೂ ಬರೆಯುವುದಿಲ್ಲ.

ಪೈವಳಿಕೆ ಹುಡುಗ:

ಪೊಸಡಿ ಗುಂಪೆ ಗುಡ್ಡ ಅಕ್ಕ! ಧರ್ಮತ್ತಡ್ಕದ ಹತ್ತಿರ. ಟಿಕೆಟಿಲ್ಲ ಎಂತ ಇಲ್ಲ. ಮೇಲೆ ಹೋದರೆ ಗಾಳಿ ಅಂದರೆ ಗಾಳಿ. ನಾವು ಬೈಕಲ್ಲಿ ಯಾವಾಗಲೂ ಹೋಗುವುದು.

ಕುಂಬಳೆ ಮಾಷ್ಟ್ರು:

ಪೈವಳಿಕೆಯ ತಮ್ಮಾ, ಬೈಕಲ್ಲಿ ಹೋಗುವವನಿಗೆ ಎಲ್ಲ ಊರೂ ಹತ್ತಿರವೇ. ನಾಲ್ಕು ವರ್ಷದ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಮೇ ತಿಂಗಳ ಬಿಸಿಲಿಗೆ ಗುಂಪೆ ಹತ್ತು, ಆಮೇಲೆ ಮಾತಾಡುವ.

ಟೈಲರಕ್ಕ, ನಾನು ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದವ, ಈಗ ರಿಟೈರ್ಡ್. ಸರ್ವಿಸಿಡೀ ಮಕ್ಕಳನ್ನು ಲೈನ್ ಬಸ್ಸಲ್ಲಿ, ಪ್ಯಾಸೆಂಜರ್ ರೈಲಲ್ಲಿ ತಿರುಗಿಸಿದ ಅನುಭವದಿಂದ ಒಂದು ಮಾತು ಹೇಳುತ್ತೇನೆ. ದುಡ್ಡು ಹೋಗುವುದು ಬಸ್ಸಿಗೂ ಅಲ್ಲ, ರೈಲಿಗೂ ಅಲ್ಲ, ಕೊನೆಯ ಎರಡು ಕಿಲೋಮೀಟರಿನ ಆಟೋಕ್ಕೆ. ಕೇರಳದಲ್ಲಿ ಬಸ್ಸಿನ ಮಿನಿಮಂ 10 ರೂಪಾಯಿ, ಆಟೋ ಹತ್ತಿ ಕೂತರೆ 30. ಊರ ಹೊರಗೆ ಬಿಟ್ಟು ಬರುವುದಾದರೆ ಖಾಲಿ ವಾಪಸಿನ ಲೆಕ್ಕವೂ ಸೇರುತ್ತದೆ. ಆದ್ದರಿಂದ ಜಾಗ ಎಷ್ಟು ಚಂದ ಅಂತ ನೋಡುವ ಮೊದಲು ಬಸ್ಸು, ರೈಲು ಎಲ್ಲಿ ಇಳಿಸುತ್ತದೆ ಅಂತ ನೋಡಿ. ಇಳಿದ ಕೂಡಲೇ ನಡೆದು ಮುಟ್ಟುವ ಜಾಗ ಮಾತ್ರ ನಮ್ಮದು. ಉಳಿದದ್ದು ಕಾರಿನವರಿಗಿರಲಿ.

ಹಾಗೆ ನೋಡಿದರೆ ಮೊದಲು ಬೇಕಲ ಕೋಟೆ. ಕಾಸರಗೋಡಿಗೆ ಹೋಗಿ ಬಸ್ಸು ಹಿಡಿಯಬೇಡಿ. ಬದಿಯಡ್ಕದಿಂದ ಸೀತಾಂಗೋಳಿ ದಾರಿಯಾಗಿ ಕುಂಬಳೆಗೆ ಬನ್ನಿ, ಕುಂಬಳೆಯಿಂದಲೇ ಬೆಳಗ್ಗಿನ ಪ್ಯಾಸೆಂಜರ್ ಹತ್ತಿ. ಪ್ಯಾಸೆಂಜರಿನ ಕನಿಷ್ಠ ಟಿಕೆಟು 10 ರೂಪಾಯಿ. ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ 30ರಿಂದ ಶುರು, ಅಲ್ಲಿ ಕೂರಲಿಕ್ಕೆ ಜಾಗವೂ ಸಿಗುವುದಿಲ್ಲ. ಐದರಿಂದ ಹನ್ನೆರಡರ ಒಳಗಿನವರಿಗೆ ಅರ್ಧ ಟಿಕೆಟು, ನಿಮ್ಮ ನಾಲ್ಕು ವರ್ಷದವನಿಗೆ ಏನೂ ಬೇಡ.

ಮಕ್ಕಳನ್ನು ಪಶ್ಚಿಮದ ಕಿಟಕಿಯ ಬದಿ ಕೂರಿಸಿ. ಮೊದಲು ಮೊಗ್ರಾಲು ಹೊಳೆ ಬರುತ್ತದೆ. ಕಾಸರಗೋಡು ಸ್ಟೇಷನ್ ಬಿಟ್ಟ ಮೇಲೆ ಚಂದ್ರಗಿರಿ ಹೊಳೆಯ ಸೇತುವೆ. ಸುಳ್ಯದಲ್ಲಿ ಪಯಸ್ವಿನಿ ಅಂತ ಹರಿಯುವ ನೀರೇ ಇದು ಅಂತ ಮಗಳಿಗೆ ಹೇಳಿ, ಭೂಗೋಳದಲ್ಲಿ ಬೇಕಾಗುತ್ತದೆ. ಅದಾದ ಮೇಲೆ ಕಳನಾಡಿನ ಸುರಂಗ. ಬೋಗಿ ಒಮ್ಮೆಲೇ ಕತ್ತಲಾಗುವಾಗ ಇಡೀ ಕ್ಲಾಸು ಒಟ್ಟಿಗೆ ಕೂಗುತ್ತಿತ್ತು, ಗದರಿಸಿ ಪ್ರಯೋಜನ ಇಲ್ಲ ಅಂತ ಕ್ರಮೇಣ ನಾನೂ ಸುಮ್ಮನಾದೆ. ಆಮೇಲೆ ಕೋಟಿಕುಳಂ, ಅದರ ಮುಂದಿನದ್ದು ಬೇಕಲ ಫೋರ್ಟ್ ಸ್ಟೇಷನ್. ಅಲ್ಲಿಂದ ಕೋಟೆಗೆ ನಡೆಯಬಹುದು.

ಕೋಟೆಗೆ ದೊಡ್ಡವರಿಗೆ 25 ರೂಪಾಯಿ, ಹದಿನೈದರ ಒಳಗಿನ ಮಕ್ಕಳಿಗೆ ಟಿಕೆಟಿಲ್ಲ. ಅಲ್ಲಿಗೆ ಕುಂಬಳೆಯಿಂದ ಹೋಗಿ ಬರುವ ರೈಲು, ಕೋಟೆ ಎಲ್ಲ ಸೇರಿದರೂ ನಿಮ್ಮ ನಾಲ್ಕು ಜನಕ್ಕೆ ನೂರು ದಾಟುವುದಿಲ್ಲ. ಬದಿಯಡ್ಕದ ಬಸ್ಸಿನದ್ದು ಬೇರೆ.

ಒಳಗೆ ಹೋದವರು ಸಾಮಾನ್ಯವಾಗಿ ಸಮುದ್ರದ ಎದುರು ಸೆಲ್ಫಿ ತೆಗೆದು ಬರುತ್ತಾರೆ. ನೀವು ಮಕ್ಕಳನ್ನು ಹೊರಗೋಡೆಯ ಕಿಂಡಿಗಳ ಹತ್ತಿರ ಕೂರಿಸಿ. ಆ ಕಿಂಡಿಗಳೆಲ್ಲ ಒಂದೇ ನಮೂನೆ ಇಲ್ಲ. ಮೇಲಿನದ್ದರಲ್ಲಿ ಕಣ್ಣಿಟ್ಟರೆ ದೂರದ ಕಡಲು ಕಾಣುತ್ತದೆ, ಅದರ ಕೆಳಗಿನದ್ದರಲ್ಲಿ ಇನ್ನಷ್ಟು ಹತ್ತಿರದ್ದು, ತೀರಾ ಕೆಳಗಿನದ್ದರಲ್ಲಿ ಗೋಡೆಯ ಬುಡವೇ. ದೂರದ ಶತ್ರುವಿಗೊಂದು, ಹತ್ತಿರ ಬಂದವನಿಗೊಂದು, ಗೋಡೆ ಹತ್ತಲಿಕ್ಕೆ ನೋಡುವವನಿಗೊಂದು. ಒಬ್ಬರನ್ನು ಶತ್ರು ಮಾಡಿ ಹೊರಗೆ ನಿಲ್ಲಿಸುವ ಆಟ ಶುರುವಾದರೆ ಒಂದು ಗಂಟೆ ಕಳೆದದ್ದು ಗೊತ್ತಾಗುವುದಿಲ್ಲ. ನಡುವಿನ ವೀಕ್ಷಣಾ ಬುರುಜಿಗೆ ಮೆಟ್ಟಿಲಲ್ಲ, ಅಗಲದ ಇಳಿಜಾರು ದಾರಿ. ಮದ್ದುಗುಂಡು ದೂಡಿಕೊಂಡು ಹೋಗಲಿಕ್ಕೆ ಮಾಡಿದ್ದು. ಮಕ್ಕಳು ಓಡಿಯೇ ಹತ್ತುತ್ತಾರೆ, ನಾವು ಹಿಂದೆ ಏದುಸಿರು ಬಿಡುತ್ತಾ ಹೋಗಬೇಕು. ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಆಸುಪಾಸಿನಲ್ಲಿ. ಇಷ್ಟು ದೊಡ್ಡ ಕೋಟೆ ಕೆಳದಿಯವರದ್ದು ಅಂತ ನಮ್ಮ ಕನ್ನಡದ ಮಕ್ಕಳಿಗೆ ಹೇಳದಿದ್ದರೆ ಬೇರೆ ಯಾರು ಹೇಳುತ್ತಾರೆ?

ಒಳಗೆ ನೆರಳು ಕಡಿಮೆ. ಮುರಕಲ್ಲು ಹತ್ತೂವರೆಗೆಲ್ಲ ಕಾದು ಕೆಂಡವಾಗುತ್ತದೆ. ಟೊಪ್ಪಿ, ನೀರು, ಒಂದು ಕೊಡೆ ತಪ್ಪಿಸಬೇಡಿ. ವಾಪಸು ಬರುವಾಗ ರೈಲಿನ ಹೊತ್ತು ಹೊಂದದಿದ್ದರೆ ಕಾಞಂಗಾಡಿನಿಂದ ಕಾಸರಗೋಡಿಗೆ ಬರುವ ಬಸ್ಸು ಅಲ್ಲೇ ಸಿಗುತ್ತದೆ. ಕಾಸರಗೋಡಿನಿಂದಲೇ ಬಸ್ಸಲ್ಲಿ ಹೋಗುವವರು ಒಂದು ನೆನಪಿಡಿ: ಕಾಞಂಗಾಡು ಅಂತ ಬೋರ್ಡ್ ಇದ್ದರೆ ಸಾಲದು, ಚಂದ್ರಗಿರಿ ದಾರಿಯಾಗಿಯಾ ಅಂತ ಕೇಳಿ ಹತ್ತಿ. ಹೆದ್ದಾರಿಯಾಗಿ ಹೋಗುವ ಬಸ್ಸು ಚೆರ್ಕಳ, ಪೊಯಿನಾಚಿ ಸುತ್ತಿ ಹೋಗುತ್ತದೆ, ಬೇಕಲ ಸಿಗುವುದೇ ಇಲ್ಲ.

ಎರಡನೆಯದ್ದು ನಿಮ್ಮ ದಾರಿಯಲ್ಲೇ ಉಂಟು. ಅನಂತಪುರ. ಕುಂಬಳೆ ಬಸ್ಸಲ್ಲೇ ಬಂದು ನಾಯ್ಕಾಪಿನಲ್ಲಿ ಇಳಿದು ನಡೆದರಾಯಿತು. ಬೋಳು ಪಾರೆಯ ದಾರಿ, ಆದ್ದರಿಂದ ಎಂಟು ಗಂಟೆಯ ಒಳಗೆ ನಡೆಯುವ ಹಾಗೆ ಹೊರಡಿ. ಕೆರೆಯ ನಡುವೆ ದೇವಸ್ಥಾನ. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಇದು ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ, ಉತ್ತರ ನೀವೇ ನೋಡಿಕೊಳ್ಳಿ. ಮೊಸಳೆ ಕಾಣುತ್ತದೆ ಅಂತ ಮಾತ್ರ ಮುಂಚೆಯೇ ಭರವಸೆ ಕೊಡಬೇಡಿ.

ಮಧೂರು ಎಲ್ಲರಿಗೂ ಗೊತ್ತಿದ್ದದ್ದೇ. ಕಾಸರಗೋಡಿನಿಂದ ಬಸ್ಸು ಬೇಕಾದಷ್ಟು, ದೇವಸ್ಥಾನದ ಎದುರೇ ಇಳಿಸುತ್ತದೆ. ಹಿಂಬದಿಗೆ ಕರಕೊಂಡು ಹೋಗಿ ದೇವಸ್ಥಾನದ ಮಾಡು (ಛಾವಣಿ) ಯಾಕೆ ಆನೆಯ ಬೆನ್ನಿನ ಹಾಗೆ ಉರುಟಾಗಿದೆ ಅಂತ ಕೇಳಿ ನೋಡಿ.

ಬದಿಯಡ್ಕದ ಟೈಲರಕ್ಕ:

ಮಾಷ್ಟ್ರೇ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಉಪಕಾರ ಆಯಿತು. ಕುಂಬಳೆಯಿಂದ ರೈಲು ಅಂತ ನನಗೆ ಹೊಳೆದೇ ಇರಲಿಲ್ಲ. ತಂಗಿಯ ಮಗ ಇನ್ನೂ ರೈಲು ಹತ್ತಿಲ್ಲ.

ಇನ್ನೊಂದು ಪ್ರಶ್ನೆ. ಮಗಳಿಗೆ ಮಂಗಳೂರಿನ ಪಿಲಿಕುಳ ನೋಡಬೇಕಂತೆ. ಅದು ಐನೂರರಲ್ಲಿ ಮುಗಿಯುತ್ತದಾ? ಬಸ್ಸಲ್ಲಿ ಹೆಂಗಸರಿಗೆ ಫ್ರೀ ಅಂತಾರಲ್ಲ, ಅದು ನಮಗೂ ಉಂಟಾ?

ಮಂಜೇಶ್ವರದ ಸೀಸನ್ ಟಿಕೆಟ್:

ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುವವ ನಾನು. ಫ್ರೀ ನಮಗಿಲ್ಲ ಅಕ್ಕ. ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇರುವವರಿಗೆ, ಅದೂ ಕರ್ನಾಟಕದ ಒಳಗಿನ ಪ್ರಯಾಣಕ್ಕೆ ಮಾತ್ರ. ಆಧಾರಿನಲ್ಲಿ ಕಾಸರಗೋಡು ಅಂತ ಇದ್ದರೆ ಕನ್ನಡದಲ್ಲಿ ಎಷ್ಟು ಚಂದ ಮಾತಾಡಿದರೂ ಕಂಡಕ್ಟರ್ ಟಿಕೆಟ್ ಹರಿಯುತ್ತಾನೆ.

ಪಿಲಿಕುಳ ಒಳ್ಳೆಯದೇ, ಆದರೆ ಒಂದೇ ದಿನ ಎಲ್ಲ ನೋಡುತ್ತೇನೆ ಅಂತ ಹೊರಡಬೇಡಿ. ಪ್ರಾಣಿ ಸಂಗ್ರಹಾಲಯ, ವಿಜ್ಞಾನ ಕೇಂದ್ರ, ತಾರಾಲಯ, ಗುತ್ತಿನ ಮನೆ, ಕೆರೆ, ಒಂದೊಂದು ಒಂದೊಂದು ಮೂಲೆಯಲ್ಲಿ. ಕಾರಿನವರು ಒಳಗೂ ಕಾರಲ್ಲೇ ತಿರುಗುತ್ತಾರೆ, ನಡೆಯುವವರಿಗೆ ಮಧ್ಯಾಹ್ನಕ್ಕೆ ಕಾಲು ಬೀಳುತ್ತದೆ. ಎಲ್ಲದಕ್ಕೂ ಬೇರೆ ಬೇರೆ ಟಿಕೆಟು ತೆಗೆಯುತ್ತಾ ಹೋದರೆ ನಿಮ್ಮ ಐನೂರು ಅಲ್ಲೇ ಕರಗುತ್ತದೆ. ಸಣ್ಣವ ಜೊತೆಗಿದ್ದರೆ ಹುಲಿ ನೋಡಿ ಬನ್ನಿ. ಮಗಳಿಗಾಗಿ ಹೋಗುವುದಾದರೆ ತಾರಾಲಯಕ್ಕೆ ಹೋಗಿ, ಕನ್ನಡದಲ್ಲೂ ಶೋ ಇರುತ್ತದೆ. ಸೋಮವಾರ ರಜೆ, ಮರೆಯಬೇಡಿ.

ನನ್ನನ್ನು ಕೇಳಿದರೆ ಅದಕ್ಕಿಂತ ಸುಲ್ತಾನ್ ಬತ್ತೇರಿ ಒಳ್ಳೆಯದು. ಮಂಗಳೂರು ಸೆಂಟ್ರಲ್‌ನಲ್ಲಿ ರೈಲಿಳಿದು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ನಡೆಯಿರಿ, ಅಲ್ಲಿಂದ ಸಿಟಿ ಬಸ್ಸು. ಟಿಪ್ಪು ಕಾಲದ ಕಾವಲು ಬುರುಜು ನೋಡಿ, ಅಲ್ಲೇ ಬದಿಯಿಂದ ದೋಣಿ ಹತ್ತಿದರೆ ಗುರುಪುರ ಹೊಳೆ ದಾಟಿ ತಣ್ಣೀರುಬಾವಿ ಬೀಚು. ಬಸ್ಸು, ರೈಲು, ದೋಣಿ ಮೂರೂ ಒಂದೇ ದಿನದಲ್ಲಿ. ದೋಣಿ ದಾಟುವುದು ಐದು ನಿಮಿಷದ ಕೆಲಸ, ಆದರೆ ಮನೆಗೆ ಬಂದು ಮಕ್ಕಳು ಹೇಳುವುದು ಅದನ್ನೇ. ಮಳೆ ಹಿಡಿಯುವ ಮೊದಲು ಹೋಗಿ. ಕಡಲಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಲು ಬಿಡಬೇಡಿ, ಮೇ ಕೊನೆಗೆ ತೆರೆಯ ವರಸೆಯೇ ಬೇರೆ.

ಹಾಂ, ಮಂಜೇಶ್ವರದವನಾಗಿ ಗೋವಿಂದ ಪೈಗಳ ಮನೆ ಹೇಳದಿದ್ದರೆ ಆಗುತ್ತದಾ? ಗಿಳಿವಿಂಡು. ಕನ್ನಡ ಪುಸ್ತಕದಲ್ಲಿ ಪದ್ಯ ಓದಿದ ಮಗಳಿಗೆ ಕವಿಯ ಮನೆ ನೋಡಿದ ಹಾಗಾಯಿತು. ಗಂಡು ಮಕ್ಕಳು ಹದಿನೈದು ನಿಮಿಷದಲ್ಲಿ “ಹೋಗುವ” ಅನ್ನುತ್ತಾರೆ, ಅದಕ್ಕೆ ತಯಾರಿರಿ.

ಹೊಸದುರ್ಗದ ಅಜ್ಜಿ:

ರೈಲು ಹತ್ತಿದ ಮೇಲೆ ಬೇಕಲದಲ್ಲೇ ಯಾಕೆ ಇಳಿಯುವುದು, ಕಾಞಂಗಾಡಿಗೆ ಬನ್ನಿ. ನಿತ್ಯಾನಂದಾಶ್ರಮದ ಗುಹೆಗಳು ಸ್ಟೇಷನ್ನಿಗೆ ದೂರ ಏನಲ್ಲ. ಮುರಕಲ್ಲು ಕೊರೆದು ಮಾಡಿದ್ದು, ನಡು ಬೇಸಿಗೆಯಲ್ಲೂ ಒಳಗೆ ತಂಪು. ನನ್ನ ಮೊಮ್ಮಕ್ಕಳು ಒಂದರಿಂದ ಹೊಕ್ಕು ಇನ್ನೊಂದರಿಂದ ಬರುವುದೇ ಕೆಲಸ. ಆಶ್ರಮ ಅನ್ನುವುದು ನೆನಪಿರಲಿ, ಬೊಬ್ಬೆ ಹಾಕಲಿಕ್ಕಿಲ್ಲ. ರಾಣಿಪುರಂಗೆ ಇಲ್ಲಿಂದ ಬಸ್ಸುಂಟು, ಆದರೆ ಪಾಣತ್ತೂರು ರಸ್ತೆಯ ತಿರುವಿಗೆ ಸಣ್ಣ ಮಕ್ಕಳು ವಾಂತಿ ಮಾಡುತ್ತಾರೆ. ಆಮೇಲೆ ಗುಡ್ಡ ಹತ್ತುವುದೂ ಬಾಕಿ.

ಪೈವಳಿಕೆ ಹುಡುಗ:

ಸರಿ, ಗುಂಪೆ ಬೇಡ. ನೀರಿನ ಸುರಂಗ? ಬಾಯಾರು, ಪಡ್ರೆ ಕಡೆ ಎಷ್ಟೊಂದು ಉಂಟು. ನಮ್ಮ ತೋಟದ ನೀರೂ ಸುರಂಗದ್ದೇ.

ಕುಂಬಳೆ ಮಾಷ್ಟ್ರು:

ಹಾಂ, ಇದು ಮಾತು! ನೀನು ಮೊದಲೇ ಇದನ್ನು ಹೇಳಬೇಕಿತ್ತು.

ಟೈಲರಕ್ಕ, ನಿಮ್ಮ ನೆಂಟರಿಷ್ಟರಲ್ಲಿ ಯಾರದ್ದಾದರೂ ಗುಡ್ಡದ ಬದಿ ಅಡಿಕೆ ತೋಟ ಇದ್ದರೆ ಕೇಳಿ ನೋಡಿ, ಸುರಂಗ ಇದ್ದೇ ಇರುತ್ತದೆ. ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿ ನಡೆಯುವಷ್ಟು ಎತ್ತರಕ್ಕೆ ಮುರಕಲ್ಲು ಕಡಿದು ಹೋಗುವುದು, ಒಸರು ಸಿಗುವವರೆಗೆ. ಪಂಪಿಲ್ಲ, ಕರೆಂಟಿಲ್ಲ. ನೀರು ತಾನಾಗಿ ಹೊರಗೆ ಹರಿದು ಮಣ್ಣಿನ ಕೆರೆಗೆ ಬೀಳುತ್ತದೆ, ಅಲ್ಲಿಂದ ತೋಟಕ್ಕೆ. ಬೇರೆ ಊರಿನವರು ಇದನ್ನು ನೋಡಲಿಕ್ಕೆಂದೇ ಬರುತ್ತಾರೆ, ನಮ್ಮ ಮಕ್ಕಳು ಪೇಟೆಯ ನಳ್ಳಿ ಮಾತ್ರ ಕಂಡದ್ದು. ಟಾರ್ಚ್ ಕೊಟ್ಟು ಬಾಯಿಯ ಹತ್ತಿರ ನಿಲ್ಲಿಸಿ ನೋಡಲಿ. ತೋಟದವರು ಜೊತೆಗಿಲ್ಲದೆ ಒಳಗೆ ಹೋಗಲು ಬಿಡಬೇಡಿ, ಬಾವಲಿ, ಹಾವು ಇದ್ದೀತು, ಮಣ್ಣು ಜರಿದೀತು. ಖರ್ಚು ಬಸ್ಸಿನದ್ದು ಮಾತ್ರ, ಊಟ ತೋಟದವರೇ ಹಾಕಿಯಾರು.

ಬದಿಯಡ್ಕದ ಟೈಲರಕ್ಕ:

ಪೆರ್ಲದ ಹತ್ತಿರ ಚಿಕ್ಕಮ್ಮನ ಮನೆಯಲ್ಲಿ ಉಂಟು ಮಾಷ್ಟ್ರೇ! ಅವರು ಕರೆಯುತ್ತಲೇ ಇದ್ದಾರೆ, ಅಲ್ಲಿ ಎಂತ ಇದೆ ಅಂತ ಮಕ್ಕಳೇ ಹೊರಡುವುದಿಲ್ಲ. ಈಗ ಟಾರ್ಚಿನ ಸುದ್ದಿ ಹೇಳಿದೆ, ಮಗ ಸೆಲ್ ಹುಡುಕುತ್ತಿದ್ದಾನೆ.

ಬೇಕಲ ಈ ಮಂಗಳವಾರಕ್ಕೆ ಇಟ್ಟುಕೊಂಡಿದ್ದೇನೆ. ತಿಂಡಿಗೆ ಮನೆಯಿಂದ ಅವಲಕ್ಕಿ, ಬಾಳೆಹಣ್ಣು ಕಟ್ಟಿಕೊಂಡು ಹೋಗುವುದು ಅಂತ. ಕೋಟೆಯ ಒಳಗೆ ಕೂತು ತಿನ್ನಬಹುದಾ?

ಕುಂಬಳೆ ಮಾಷ್ಟ್ರು:

ಒಳಗೆ ಬಿಡುವುದಿಲ್ಲ, ನೀರು ಮಾತ್ರ. ಅವಲಕ್ಕಿ ರೈಲಲ್ಲೇ ಮುಗಿಸಿ. ಕೋಟೆಯಿಂದ ಹೊರಗೆ ಬಂದ ಮೇಲೆ ಬೊಂಡ (ಎಳನೀರು) ಕುಡಿಸಿ, ಐಸ್ ಕ್ಯಾಂಡಿಯವನ ಕಣ್ಣಿಗೆ ಬೀಳುವ ಮೊದಲು.

ಮತ್ತೊಂದು, ಕುಂಬಳೆಯಲ್ಲಿ ಬಸ್ಸಿಳಿದು ಸ್ಟೇಷನ್ನಿಗೆ ಬರುವಾಗ ಹೆದ್ದಾರಿಯ ಆ ಬದಿಗೆ ಹೋಗಬೇಕು. ಆರು ಪಥ ಆದ ಮೇಲೆ ಮೊದಲಿನ ಹಾಗೆ ಕೈ ಹಿಡಿದು ಓಡುವ ಹಾಗಿಲ್ಲ. ಸರ್ವಿಸ್ ರಸ್ತೆ ಹಿಡಿದು ಅಂಡರ್‌ಪಾಸಿನಲ್ಲೇ ದಾಟಿ. ಆ ಸುತ್ತಿಗೆ ಹತ್ತು ನಿಮಿಷ ಜಾಸ್ತಿ ಇಟ್ಟುಕೊಂಡು ಬದಿಯಡ್ಕದಲ್ಲಿ ಒಂದು ಬಸ್ಸು ಮುಂಚೆ ಹತ್ತಿ.