ಅಚ್ಚಿಲ್ಲದೆ ಮಾಡಿದ್ದಕ್ಕೆ ಅಚ್ಚು ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮಂಡ್ಯ ಸುತ್ತಮುತ್ತಲ ಹಳ್ಳಿಗಳ ಹಿರಿಯರಿಗಾಗಿ ಕಿವಿ ಮಿಷನ್ ಬಗ್ಗೆ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ತ್ರೀಡಿ ಪ್ರಿಂಟಿಂಗ್ ಅನ್ನೋ ಕಡೆ, ಅದಕ್ಕೆ ಅವರಿಗೆ ತಿಳಿಯುವಂಥ ಕನ್ನಡ ಮಾತು ಸಿಗದೆ, ನಿಂತುಬಿಟ್ಟೆ.

ನಮ್ಮತ್ತೆಗೆ ಮೈಸೂರಿನಲ್ಲಿ ಅಳತೆ ತೆಗೆದಾಗ ಪಕ್ಕದಲ್ಲೇ ಕೂತಿದ್ದೆ. ದಾರ ಕಟ್ಟಿದ ಚೂರು ಹತ್ತಿಯನ್ನು ಕಿವಿಯೊಳಗಿಟ್ಟು, ಸಿರಿಂಜಿನಿಂದ ಮೆತ್ತನೆ ಪೇಸ್ಟು ತುಂಬಿದರು. ಗಟ್ಟಿಯಾದ ಮೇಲೆ ಈಚೆ ತೆಗೆದರೆ ಕಿವಿಯ ಒಂದೊಂದು ಸುರುಳಿಯೂ ಅದರಲ್ಲಿ ಮೂಡಿತ್ತು. ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಾರೆ. ಆಮೇಲೆ ಯಂತ್ರವು ನೀರಾಗಿರುವ ರೆಸಿನ್ (ಒಂದು ಬಗೆಯ ಪ್ಲಾಸ್ಟಿಕ್ ದ್ರವ) ಅನ್ನು ಬೆಳಕಿನಿಂದ ಗಟ್ಟಿ ಮಾಡುತ್ತಾ, ಪದರದ ಮೇಲೆ ಪದರ ಏರಿಸಿ ಕಿವಿಯೊಳಗೆ ಕೂರುವ ಭಾಗವನ್ನು ಮಾಡುತ್ತದೆ. ಒಂದು ಪದರ ಸುಮಾರು 0.1 ಮಿಲಿಮೀಟರ್, ಇಲ್ಲವೇ ಇನ್ನೂ ತೆಳು. ಕಿವಿಗೆ ಬಿಗಿಯಾಗಿ ಕೂರದಿದ್ದರೆ ಸದ್ದು ಸೋರಿ ವಾಪಸ್ ಮೈಕಿಗೆ ಹೋಗುತ್ತೆ, ಮಿಷನ್ ಕುಂಯ್ ಅನ್ನುತ್ತೆ. ಅದಕ್ಕೇ ಒಬ್ಬರದು ಇನ್ನೊಬ್ಬರಿಗೆ ಆಗಲ್ಲ.

ಇದನ್ನು 'ಮೂರು ಆಯಾಮದ ಮುದ್ರಣ' ಅಂತ ಬರೆದು ಅತ್ತೆಗೆ ಓದಿ ಹೇಳಿದೆ. "ಪೇಪರ್ ಮೇಲಾ?" ಅಂತ ಕೇಳಿದರು. 'ಅಚ್ಚು' ಅಂದರೆ ನಮ್ಮ ಕಡೆ ಮೊದಲು ನೆನಪಾಗೋದು ಆಲೆಮನೆ. ಮರದ ಅಚ್ಚಿಗೆ ಬಿಸಿ ಪಾಕ ಹುಯ್ದರೆ ಬೆಲ್ಲವೆಲ್ಲ ಒಂದೇ ಥರ. ಇಲ್ಲಿ ಪೂರ್ತಿ ಉಲ್ಟಾ. ಅಚ್ಚೇ ಇಲ್ಲ, ಒಂದರ ಹಾಗೆ ಇನ್ನೊಂದಿಲ್ಲ.

ಮುದ್ರಣದ ನಂಟು ಸುಮ್ನೆ ಬಂದದ್ದಲ್ಲ, ನಿಜ. 1984ರಲ್ಲಿ ಅಮೆರಿಕದ ಚಾರ್ಲ್ಸ್ ಹಲ್ ಪೇಟೆಂಟಿಗೆ ಅರ್ಜಿ ಹಾಕಿದ, ರೆಸಿನ್ನನ್ನು ಬೆಳಕಿನಿಂದ ಗಟ್ಟಿ ಮಾಡುವ ವಿಧಾನದ ಹೆಸರು ಸ್ಟೀರಿಯೋಲಿಥೋಗ್ರಫಿ. ಲಿಥೋಗ್ರಫಿ ಅಂದರೆ ನಮ್ಮ ಹಳೇ ಕಲ್ಲಚ್ಚು. ಆದರೆ ಹಳ್ಳಿಯ ಓದುಗರಿಗೆ ಅದರಿಂದ ಏನೂ ತಿಳಿಯಲ್ಲ. ಇದಕ್ಕೇ ಇರುವ ಇನ್ನೊಂದು ಹೆಸರು 'ಅಡಿಟಿವ್ ಮ್ಯಾನುಫ್ಯಾಕ್ಚರಿಂಗ್' ಅನ್ನು 'ಸಂಕಲನ ತಯಾರಿಕೆ' ಅಂದರಂತೂ ಕೂಡೋ ಲೆಕ್ಕ ಅಂದುಕೊಳ್ಳುತ್ತಾರೆ.

ನನಗೆ ಹೊಳೆದದ್ದು 'ವರಸೆ'. ಮಣ್ಣಿನ ಗೋಡೆಗೆ ಒಂದು ವರಸೆ, ಅಂದರೆ ಒಂದು ಪದರ ಮಣ್ಣು, ಇಟ್ಟು, ಅದು ಬಿಗಿದ ಮೇಲೆ ಇನ್ನೊಂದು ಏರಿಸುತ್ತಿದ್ದರು. ಈ ಯಂತ್ರ ಮಾಡೋದೂ ಅದನ್ನೇ. 'ವರಸೆಗಟ್ಟುವುದು' ಅಂದರೆ ಹೇಗೆ? ನೆಂಟಸ್ತಿಕೆಗೂ ಕುಸ್ತಿಗೂ ವರಸೆ ಅನ್ನುತ್ತೀವಲ್ಲ, ಅದು ಅಡ್ಡ ಬರುತ್ತಾ ಅನ್ನೋದೇ ನನ್ನ ಅಳುಕು.

'ವೈಯಕ್ತೀಕೃತ ಸಾಧನ' ಅನ್ನೋದನ್ನಂತೂ ತೆಗೆದುಹಾಕಿದೆ. 'ಅಳತೆ ಕೊಟ್ಟು ಮಾಡಿಸಿದ್ದು' ಅಂತ ಬರೆದೆ. ದರ್ಜಿ ಅಂಗಡಿಗೆ ಹೋದವರಿಗೆಲ್ಲ ಅರ್ಥವಾಗುತ್ತೆ.

ನಾಗಮಂಗಲ, ಕೆ.ಆರ್. ಪೇಟೆ, ಹುಣಸೂರು ಕಡೆಯವರು ದಯವಿಟ್ಟು ಹೇಳಿ: ಮಣ್ಣುಗೋಡೆಯ ಒಂದು ಪದರಕ್ಕೆ ನಿಮ್ಮಲ್ಲಿ ಏನಂತಾರೆ? ವರಸೆ ಅಂತಲೇನಾ, ಬೇರೆ ಮಾತಿದೆಯಾ?