ಸ್ಪೀಡುಯಿನೊ ಹಾಕಿದ ಮೇಲೆ 1991ರ ಮಿಯಾಟಾ 4000 ಆರ್‌ಪಿಎಂನಲ್ಲಿ ಮುಗ್ಗರಿಸುತ್ತಿದೆ

ಕೆಂಪು_ಮಿಯಾಟಾ:
ನಮಸ್ಕಾರ, ಮಿಶಿಗನ್‌ನಿಂದ. ನನ್ನದು 1991ರ ಮಾಜ್ದಾ ಮಿಯಾಟಾ, 1.6 ಎಂಜಿನ್. ರೆಡಿಮೇಡ್ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಸುರಿಯುವಷ್ಟು ದುಡ್ಡಿಲ್ಲ. ಅದಕ್ಕೆ ಗಾಳಿ ಅಳೆಯುವ ಹಳೆಯ ಏರ್‌ಫ್ಲೋ ಮೀಟರ್ ಕಿತ್ತು, ಆರ್ಡುಯಿನೊ ಮೆಗಾ ಎಂಬ ಪುಟ್ಟ ಬೋರ್ಡ್ ಮೇಲೆ ಓಡುವ ಸ್ಪೀಡುಯಿನೊ ಎಂಬ ಓಪನ್ ಸೋರ್ಸ್ ಇಸಿಯು ಕೂರಿಸಿದೆ. ಐಡಲ್ ಚೆನ್ನಾಗಿದೆ. 4000 ದಾಟಿದರೆ ಕೆಮ್ಮುತ್ತದೆ, ಟ್ಯಾಕೋ (ಆರ್‌ಪಿಎಂ ಮೀಟರ್) ಮುಳ್ಳು ಸೊನ್ನೆಗೆ ಬಿದ್ದು ಮತ್ತೆ ಏಳುತ್ತದೆ. ಎರಡು ವಾರದಿಂದ ಫ್ಯೂಯೆಲ್ ಟೇಬಲ್ (ಯಾವಾಗ ಎಷ್ಟು ಪೆಟ್ರೋಲ್ ಎಂಬ ಪಟ್ಟಿ) ತಿದ್ದಿದ್ದೇ ತಿದ್ದಿದ್ದು. ದೊಡ್ಡ ಇಂಜೆಕ್ಟರ್ ಬೇಕಾ?

ಗ್ರೀಸ್_ಕೈ:
ಬೇಡ ಸಾರ್, ಆ ದುಡ್ಡು ಉಳಿಸಿಕೊಳ್ಳಿ. ಪೆಟ್ರೋಲ್ ಕಮ್ಮಿಯಾದರೆ ಮುಳ್ಳು ಸೊನ್ನೆಗೆ ಬೀಳುವುದಿಲ್ಲ. ಎಂಜಿನ್ ಎಷ್ಟು ತಿರುಗಿದೆ ಎಂದು ಇಸಿಯುಗೆ ಹೇಳುವ ಕ್ಯಾಮ್ ಆ್ಯಂಗಲ್ ಸೆನ್ಸರ್ ಸಿಗ್ನಲ್ ತಪ್ಪುತ್ತಿರಬೇಕು. ಟ್ಯೂನರ್‌ಸ್ಟುಡಿಯೊ (ಟ್ಯೂನಿಂಗ್ ಸಾಫ್ಟ್‌ವೇರ್) ಲಾಗ್‌ನಲ್ಲಿ ಸಿಂಕ್ ಲಾಸ್, ಅಂದರೆ ಆ ಸಿಗ್ನಲ್ ಲೆಕ್ಕ ತಪ್ಪಿದ ಎಣಿಕೆ, ಏರುತ್ತಿದೆಯಾ ನೋಡಿ. 1.6ರ ಸೆನ್ಸರ್ ಆಪ್ಟಿಕಲ್, ಬೆಳಕಿನಿಂದ ಕೆಲಸ ಮಾಡುವುದು. ಅದರ ಎರಡೂ ಸಿಗ್ನಲ್ ವೈರಿಗೆ 5 ವೋಲ್ಟ್‌ನ ಪುಲ್-ಅಪ್ (ವೈರನ್ನು 5 ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್) ಬೇಕೇ ಬೇಕು.

ಇನ್ನೊಂದು ಸುಲಭದ ಪರೀಕ್ಷೆ: ಎಂಜಿನ್ ಐಡಲ್‌ನಲ್ಲಿರುವಾಗ ಮೋಟರಿನಿಂದ ಮೇಲೇಳುವ ಹೆಡ್‌ಲೈಟ್ ಎಬ್ಬಿಸಿ. ಸ್ಕ್ರೀನ್ ಮೇಲೆ ಕೂಲಂಟ್ ಬಿಸಿ ತಟ್ಟನೆ ಬದಲಾದರೆ ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ವೈರ್) ಸರಿಯಿಲ್ಲ. ನೀರು ಅಷ್ಟು ಬೇಗ ಬಿಸಿಯಾಗಲ್ಲ ಅಲ್ವಾ?

ಕೆಂಪು_ಮಿಯಾಟಾ:
ಪುಲ್-ಅಪ್ ಇದೆ. ಸಿಂಕ್ ಲಾಸ್ ಒಂದೇ ಸಲ ಓಡಿಸಿ ಬಂದಾಗ 37! ಲೈಟ್ ಎದ್ದ ತಕ್ಷಣ ಕೂಲಂಟ್ 3 ಡಿಗ್ರಿ ಹಾರಿತು.

ಗ್ರೀಸ್_ಕೈ:
ವೈಡ್‌ಬ್ಯಾಂಡ್ (ಹೊಗೆಯ ಆಕ್ಸಿಜನ್ ಅಳೆಯುವ ಸೆನ್ಸರ್) ಕಂಟ್ರೋಲರಿನ ಕಪ್ಪು ಗ್ರೌಂಡ್ ವೈರ್ ಎಲ್ಲಿಗೆ ಕೊಟ್ಟಿದ್ದೀರಿ?

ಕೆಂಪು_ಮಿಯಾಟಾ:
ಕೈಗೆ ಹತ್ತಿರ ಸಿಕ್ಕಿತು ಅಂತ ಸೆನ್ಸರ್ ಗ್ರೌಂಡಿಗೇ ಸುತ್ತಿದ್ದೆ.

ಗ್ರೀಸ್_ಕೈ:
ಅಲ್ಲೇ ಇದೆ ಎಡವಟ್ಟು. ಅದರ ಹೀಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಅದನ್ನೂ ಇಂಜೆಕ್ಟರ್, ಕಾಯಿಲ್‌ಗಳ ಗ್ರೌಂಡನ್ನೂ ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿ. ಪೇಂಟ್ ಕೆರೆದು ಲೋಹ ಕಾಣಬೇಕು. ಸೆನ್ಸರ್‌ಗಳ ಗ್ರೌಂಡ್ ಮಾತ್ರ ನೇರ ಬೋರ್ಡಿಗೆ ಹೋಗಲಿ, ದಾರಿಯಲ್ಲಿ ಕಾರಿನ ಬಾಡಿಯನ್ನು ಮುಟ್ಟಬಾರದು. ಸ್ಪಾರ್ಕ್ ಪ್ಲಗ್ ರೆಸಿಸ್ಟರ್ ಇರುವುದೇ ತಾನೆ? ಇಲ್ಲದಿದ್ದರೆ ಕಿಡಿಯ ಗದ್ದಲ ಸಿಗ್ನಲ್ ಕೆಡಿಸುತ್ತದೆ. ಎನ್‌ಜಿಕೆ ಬಿಕೆಆರ್6ಇ ಆದರೆ ಆ 'ಆರ್' ಅದೇ.

ಆಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು. ಸಾಫ್ಟ್‌ವೇರಿನಲ್ಲಿ ಫಿಕ್ಸೆಡ್ ಆ್ಯಂಗಲ್ 10 ಡಿಗ್ರಿ ಇಟ್ಟು, ಎಂಜಿನ್ ಮುಂದಿನ ಕ್ರ್ಯಾಂಕ್ ಪುಲ್ಲಿಯ ಗುರುತಿಗೆ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿನುಗುವ ದೀಪ) ಹಿಡಿಯಿರಿ. 3000ಕ್ಕೆ ಏರಿಸಿದರೂ ಗುರುತು ಅಲುಗಾಡಬಾರದು. ಡಯಲ್ ಇರುವ ಲೈಟ್ ಆದರೆ ಡಯಲ್ ಸೊನ್ನೆಯಲ್ಲೇ ಇರಲಿ. ಇದು ವೇಸ್ಟೆಡ್ ಸ್ಪಾರ್ಕ್, ಎರಡು ಸುತ್ತಿಗೊಮ್ಮೆ ಬರುವ ಬದಲು ಪ್ರತಿ ಸುತ್ತಿಗೂ ಕಿಡಿ ಬರುವುದರಿಂದ ಅಂಥ ಲೈಟ್ ಮೋಸ ಹೋಗುತ್ತದೆ. ನಾನು ಇದೇ ಕಾರಣಕ್ಕೆ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ಕೆಂಪು_ಮಿಯಾಟಾ:
ಒಂದು ಮೀಟರ್ ವೈರ್, ಎರಡು ರಿಂಗ್ ಟರ್ಮಿನಲ್. ಅಷ್ಟೇ ಖರ್ಚು! ಸಿಂಕ್ ಲಾಸ್ ಸೊನ್ನೆ, 6500 ತನಕ ಸಲೀಸು. ಟೈಮಿಂಗ್ 4 ಡಿಗ್ರಿ ಹಿಂದಿತ್ತು, ಸರಿ ಮಾಡಿದೆ. ಈಗ ಎರಡು ವಾರ ಕೆಡಿಸಿದ ಫ್ಯೂಯೆಲ್ ಟೇಬಲ್ ಮೊದಲಿಂದ ಶುರು.